ಗುಂಡಮ್ಮನಿಗಾಗಿ ಪ್ರಾರ್ಥಿಸಿದವರು

"ಅಯ್ನೋರ, ದಾಟಿ ಹೊಂಟ್ರೆಲ್ಲ! ಇಲ್ಲೊಂದು ಬಾಯಿ ಅದ, ಕಾಣವಲ್ದೇನು?"

ಪಾದ್ರಿ ದೇವದಾನಪ್ಪನವರ ಕೈಯಲ್ಲಿದ್ದ ಬಟ್ಟಲು ಅಲುಗಾಡಿತು. ಬಿಳಿ ನಿಲುವಂಗಿಯ ಮೇಲೆ ದ್ರಾಕ್ಷಾರಸದ ಹನಿ ಬಿತ್ತು. ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ದಿನ. ಮೇಜಿನ ಮುಂದಿನ ಕಟಕಟೆಗೆ ಹೆಂಗಸರು ಸಾಲಾಗಿ ಮೊಣಕಾಲೂರಿದ್ದರು. ಸಾಲಿನ ನಡುವೆ, ಎಡಗಾಲು ಮಡಚಲಾಗದೆ ಪಕ್ಕಕ್ಕೆ ಚಾಚಿ, ಬಾಯಿ ತೆರೆದು ಕಾಯುತ್ತಿದ್ದವಳು ಗುಂಡಮ್ಮ. ಈಚೆಯ ಭಾಗಮ್ಮನಿಗೆ ಸಿಕ್ಕಿತು. ಆಚೆಯ ಮುದುಕಿಗೆ ಸಿಕ್ಕಿತು. ನಡುವಿನ ಗುಂಡಮ್ಮನನ್ನು ಪಾದ್ರಿಯವರು ದಾರಿಯ ಸಗಣಿ ದಾಟುವ ಹಾಗೆ ದಾಟಿದ್ದರು.

"ಸಹೋದರಿ, ಇದು ಪರಿಶುದ್ಧ ಸ್ಥಳ. ಆಮೇಲೆ ಮಾತಾಡೋಣ," ಎಂದು ಪಾದ್ರಿಯವರು ಪಿಸುಗುಟ್ಟಿದರು.

"ಆಮ್ಯಾಲ ಯಾಕ? ಕೊಡೂದು ಎಲ್ಲಾರ ಮುಂದ. ಕೊಡದೆ ದಾಟೂದೂ ಎಲ್ಲಾರ ಮುಂದ. ಮಾತು ಮಾತ್ರ ಹಿತ್ತಲದಾಗ ಏನ್ರಿ?"

ಮುಂದಿನ ಬೆಂಚಿನಿಂದ ಪಾದ್ರಿಯವರ ಹೆಂಡತಿ ಕೃಪಾವತಿ ಅಮ್ಮನವರು ಎದ್ದು ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ, ಆದರೂ ಒರೆಸಿಕೊಂಡರು.

"ಗುಂಡಮ್ಮಾ, ಸುಮ್ಮನಿರು. ನಿನಗೋಸ್ಕರ ಎಷ್ಟು ಗುರುವಾರ ಕಣ್ಣೀರು ಸುರಿಸಿ ಪ್ರಾರ್ಥನೆ ಮಾಡಿದ್ದೇವೆ, ಗೊತ್ತೇ?"

"ನನಗೋಸ್ಕರ? ಯಾಕ? ನನಗೇನಾಗ್ಯಾದ?"

ವಾರಗಟ್ಟಲೆ ದೇವರಿಗೆ ಹೇಳಿದ ಮಾತು ಗುಂಡಮ್ಮನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಪಾದ್ರಿಯವರು ಅವಸರದಲ್ಲಿ ಆಶೀರ್ವಾದ ಮುಗಿಸಿದರು. ಜನ ಚಪ್ಪಲಿ ಮೆಟ್ಟಿ ಮನೆಗೆ ಓಡಿದರು. ಅಷ್ಟು ಚುರುಕಾಗಿ ಗಣಿಗೆ ಲಾರಿ ಬಂದಾಗಲೂ ಓಡಿದವರಲ್ಲ.

ವಾಡಿ ಜಂಕ್ಷನ್ನಿನಿಂದ ಶಹಾಬಾದ ಕಡೆ ಹೋಗುವ ದಾರಿಯಲ್ಲಿ, ಕಲ್ಲುಗಣಿಗಳ ಬಗಲಿಗೆ ಇರುವ ಊರು ಗಣಿಕೇರಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಒಂದು ವರ್ಷ ಆಗಿತ್ತು. ಹೆಸರು ಬದಲಾದ ಖುಷಿಗೆ ವಾಡಿಯಲ್ಲಿ ಮಿಠಾಯಿ ಹಂಚಿದ್ದರಂತೆ. ಗಣಿಯ ತನಕ ಅದು ಬರಲಿಲ್ಲ. ಕಲ್ಲಿನ ತೂಕವೂ ಬದಲಾಗಲಿಲ್ಲ. ಹೆಸರು ಬದಲಾಗುವುದು ಗುಂಡಮ್ಮನಿಗೆ ಹೊಸದಲ್ಲ. ಬಾಪ್ತಿಸ್ಮ ಕೊಟ್ಟಾಗ ಅವಳಿಗೆ ಪ್ರಿಸ್ಕಿಲ್ಲ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟ ಪಾದ್ರಿಯವರನ್ನು ಬಿಟ್ಟರೆ ಅದನ್ನು ಹೇಳಲು ಯಾರ ನಾಲಿಗೆಯೂ ತಿರುಗಲಿಲ್ಲ. ಗುಂಡಮ್ಮ ಗುಂಡಮ್ಮನಾಗಿಯೇ ಉಳಿದಳು. ತಲೆಯ ಮೇಲೆ ಹೊರುವ ಪರಸಿಕಲ್ಲಿನ ಚಪ್ಪಡಿಯೂ ಉಳಿಯಿತು.

ಆ ಸಭೆಯ ಜನರೆಲ್ಲ ದಂಡೋತಿ, ಗುಂಡಗುರ್ತಿ ಕಡೆಯ ಮಾದಿಗ ಕೇರಿಗಳಿಂದ ಎದ್ದು ಬಂದವರು, ಅವರ ಮಕ್ಕಳು. ಅಕ್ಷರ ಸಿಕ್ಕವರು ರೈಲಿನ ಹಳಿ ಹಿಡಿದರು. ಅಕ್ಷರ ಸಿಗದವರು ಕಲ್ಲು ಹಿಡಿದರು. ಹಳಿ ಹಿಡಿದವರಿಗೆ ಕ್ವಾರ್ಟರ್ಸು, ಫ್ಯಾನು, ಗುಡಿಯಲ್ಲಿ ಮುಂದಿನ ಬೆಂಚು. ಕಲ್ಲು ಹಿಡಿದವರಿಗೆ ಜೋಪಡಿ, ಹಿಂದಿನ ಚಾಪೆ ಮತ್ತು ಶನಿವಾರದ ಸೇವೆ. ಸೇವೆ ಎಂದರೆ ಗುಡಿ ಗುಡಿಸುವುದು, ಅಂಗಳ ಸಾರಿಸುವುದು, ಆಮೇಲೆ ಪಾದ್ರಿಯವರ ಮನೆಯ ಹಿಂದಿನ ಪಾಯಖಾನೆಯ ಡಬ್ಬಿ ಎತ್ತಿ ಬಳಿದು ತೊಳೆಯುವುದು. ದಂಡೋತಿಯಲ್ಲಿ ಗೌಡರ ಹಿತ್ತಿಲು ಬಳಿಯುವಾಗ ಗುಂಡಮ್ಮನ ತಾಯಿ ಅದಕ್ಕೆ ಬಿಟ್ಟಿ ಎನ್ನುತ್ತಿದ್ದಳು. ಇಲ್ಲಿ ಸೇವೆ ಎನ್ನುತ್ತಾರೆ. ರಕ್ಷಣೆಯ ದಾರಿಯಲ್ಲಿ ಇಷ್ಟಾದರೂ ಮುಂದೆ ಬಂದದ್ದು ದೊಡ್ಡದು.

ಇನ್ನು ಗುರುವಾರದ ಪ್ರಾರ್ಥನೆ. ಅದರ ರೀತಿ ತಿಳಿಯದವರಿಗೆ ಹೇಳಬೇಕು. ಗಣಿಕೇರಿಯ ಸಭೆಯಲ್ಲಿ ಚಾಡಿ ಹೇಳುವುದು ಪಾಪ. ಆದ್ದರಿಂದ ಯಾರೂ ಚಾಡಿ ಹೇಳುವುದಿಲ್ಲ. ಕಣ್ಣು ಮುಚ್ಚಿ, ಕೈ ಜೋಡಿಸಿ, "ಕರ್ತನೇ, ನಮ್ಮ ಇಂಥ ಸಹೋದರಿ ಇಂಥ ಲಾರಿಯಿಂದ ಇಂಥ ಹೊತ್ತಿನಲ್ಲಿ ಇಳಿದದ್ದನ್ನು ನೀನು ಬಲ್ಲೆ" ಎಂದು ದೇವರಿಗೆ ನೆನಪಿಸುತ್ತಾರೆ. ದೇವರಿಗೆ ಗೊತ್ತಿದ್ದದ್ದು ಹೀಗೆ ಊರಿಗೆಲ್ಲ ಗೊತ್ತಾಗುತ್ತದೆ. ಕೊನೆಗೆ ಎಲ್ಲರೂ ಆಮೆನ್ ಎನ್ನುತ್ತಾರೆ. ಆಮೆನ್ ಎಂದ ಮೇಲೆ ಅದು ಸುಳ್ಳಾಗುವುದಾದರೂ ಹೇಗೆ?

ಗುಂಡಮ್ಮ ಅಷ್ಟು ವಾರ ಗುಡಿಗೆ ಬಂದಿರಲಿಲ್ಲ, ನಿಜ. ಗಣಿಯಿಂದ ಕಲ್ಲು ಮೇಲೆ ತರುವಾಗ ಹಗ್ಗ ಜಾರಿ ಪರಸಿ ಅವಳ ಎಡಪಾದದ ಮೇಲೆ ಬಿದ್ದಿತ್ತು. ಕಲ್ಲನ್ನು ಎತ್ತಿ ಅವಳನ್ನು ಎಳೆದವಳು ಭಾಗಮ್ಮ. ಗುತ್ತೇದಾರನ ಮುನೀಮ ಓಡಿ ಬಂದು ಮೊದಲು ಕಲ್ಲನ್ನು ತಿರುವಿ ನೋಡಿದ. ಒಡೆದಿರಲಿಲ್ಲ. ಅವನಿಗೆ ಸಮಾಧಾನವಾಯಿತು. ಗುಂಡಮ್ಮನ ಬೆರಳುಗಳು ಒಡೆದಿದ್ದವು. ಆದರೆ ಬೆರಳುಗಳನ್ನು ಯಾರೂ ವ್ಯಾಗನ್ನಿಗೆ ತುಂಬಿ ಸೊಲ್ಲಾಪುರಕ್ಕೆ ಕಳಿಸುವುದಿಲ್ಲವಲ್ಲ. ಕಲ್ಲಿನ ಲಾರಿ ಓಡಿಸುವ ಸಿರಾಜುದ್ದೀನ ಅವಳನ್ನು ಎತ್ತಿ ಕೂರಿಸಿಕೊಂಡು ಜೋಪಡಿಗೆ ಬಿಟ್ಟ. ಅವನ ಹೆಂಡತಿ ಹಸೀನಾಬೇಗಂ ಹಕೀಮರ ಮಗಳು. ಆಕೆ ಗಂಡನ ಲಾರಿಯಲ್ಲೇ ಬಂದು ಗಾಯ ತೊಳೆದು, ಎಣ್ಣೆ ಪಟ್ಟಿ ಕಟ್ಟಿ ಹೋಗುತ್ತಿದ್ದಳು. ಬಂದಾಗಲೆಲ್ಲ, "ಅಕ್ಕಾ, ನಿಮ್ ಚರ್ಚಿನೋರು ಯಾರ್ಬೀ ಬಂದಿಲ್ಲಾ?" ಎಂದು ಕೇಳುತ್ತಿದ್ದಳು. ಗುಂಡಮ್ಮ, "ಪ್ರಾರ್ಥನಿ ಮಾಡಾಕತ್ತಿರಬೇಕು," ಎಂದು ನಗುತ್ತಿದ್ದಳು. ಆ ನಗೆಯ ಮಾತು ಅಕ್ಷರಶಃ ನಿಜವಾಗಿರುತ್ತದೆ ಎಂದು ಅವಳಿಗೇನು ಗೊತ್ತು?

ಈಗ ಬಿಸಿಲಿನಲ್ಲಿ ಕೋಲೂರಿಕೊಂಡು ಅವಳು ನೇರ ಭಾಗಮ್ಮನ ಜೋಪಡಿಗೆ ನಡೆದಳು. ಭಾಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗುಂಡಮ್ಮನನ್ನು ಕಂಡು ಕೈ ನಿಂತಿತು.

"ಬಾ ತಂಗಿ, ಕುಂದ್ರು."

"ಕುಂದ್ರಾಕ ಬಂದಿಲ್ಲ. ಕಲ್ಲ ಕೆಳಗಿಂದ ನನ್ನ ಎಳದಾಕಿ ನೀ. ನಾ ಯಾಕ ಗುಡಿಗಿ ಬಂದಿಲ್ಲ ನಿನಗ ಮಾಲೂಮಿತ್ತು. ಗುರುವಾರ ನನ್ನ ಹೆಸರು ಬಂದಾಗ ನೀ ಏನಂದಿ?"

ಭಾಗಮ್ಮ ಹಿಟ್ಟಿನ ಕೈ ನೋಡಿಕೊಂಡಳು.

"ಆಮೆನ್ ಅಂದೆ."

"ಮೆಲ್ಲಕೋ, ಜೋರಾಗೋ?"

"ಜೋರಾಗೇ ಅಂದೆ. ಮೆಲ್ಲಕ ಅಂದ್ರ ಅಮ್ಮಾರು ಕಣ್ಣು ತೆಗೆದು ನೋಡ್ತಾರ. ನಿನ್ನ ಹೆಸರು ನಿಂತ್ರ ಮುಂದ ಯಾರ ಹೆಸರು? ಹ್ವಾದ ಸುಗ್ಗ್ಯಾಗ ನಂದು ನಡದಿತ್ತು. ಸೇಂದಿ ಕುಡಿಯಾಂವ ನನ್ನ ಗಂಡ, ಪ್ರಾರ್ಥನಿ ನನಗ. ಅವಾಗ ನನ್ನ ಬಗಲಾಗ ಕುಂತಾಕಿ ನೀ. ನೀ ಏನಂದಿದ್ದಿ, ಹೇಳು?"

ಒಲೆಯ ಮೇಲಿನ ರೊಟ್ಟಿ ಸೀಯತೊಡಗಿತು. ಗುಂಡಮ್ಮನ ಸಿಟ್ಟು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

"ನಾನೂ ಆಮೆನ್ ಅಂದಿದ್ದೆ," ಎಂದಳು.

"ಮತ್ತ?"

"ಮತ್ತೇನು, ಇಬ್ಬರೂ ಹರಾಮಖೋರರು. ರೊಟ್ಟಿ ತೆಗೀ, ಸೀದು ಹೊಂಟದ."

ಭಾಗಮ್ಮ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಸೆರಗಿಗೆ ಕೈ ಒರೆಸಿ ಹೇಳಿದಳು: "ನೀ ಸಿರಾಜುದ್ದೀನಗ ಕೂಡಿಕಿ ಆಗಿಯಂತ. ಬುರ್ಖಾ ಹಾಕ್ಕೊಂಡು ಸಂಜಿಕಡಿ ಲಾರಿ ಹತ್ತಿ ಹೋಗ್ತಿಯಂತ. ಧರ್ಮ ಬಿಟ್ಟಿಯಂತ. ಸ್ತೇಫನಪ್ಪ ಕಣ್ಣಾರೆ ಕಂಡಾನಂತ."

"ಎದ್ದೇಳು. ಅವನ ಮುಂದ ಹೀಂಗೇ ಅನ್ನು."

"ನಾ ಯಾಕವ್ವ ನಡುವ?"

"ಕಣ್ಣು ಮುಚ್ಚಿ ಅಂದಿದ್ದಿ. ಈಗ ಕಣ್ಣು ತೆಗೆದು ಒಂದ್ ಸಲ ಅನ್ನು."

ಇಬ್ಬರೂ ಹೊರಟರು. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಎಲ್ಲಿಗೆ, ಏನು ಎಂದು ಕೇಳಿ ಹಿಂದೆ ಬಿದ್ದರು. ಜಗಳ ಬಿಡಿಸಲು ಬಂದೆವು ಎಂದರು ಕೆಲವರು. ಬಿಡಿಸುವ ಆಸೆ ಯಾರ ಮುಖದಲ್ಲೂ ಇರಲಿಲ್ಲ. ಹಳಿ ದಾಟಿ ರೈಲ್ವೆ ಕ್ವಾರ್ಟರ್ಸು ಮುಟ್ಟುವ ಹೊತ್ತಿಗೆ ಅದೊಂದು ದಿಂಡಿ ಮೆರವಣಿಗೆಯೇ ಆಗಿತ್ತು.

ಸ್ತೇಫನಪ್ಪ ರೈಲಿಗೆ ಹಳಿ ಬದಲಿಸುವ ಕಾಂಟೆ ತಿರುವುವ ಕೆಲಸದವನು. ಭಾನುವಾರ ಗುಡಿಯ ಗಂಟೆ ಹೊಡೆಯುವವನೂ ಅವನೇ. ಬನಿಯನ್ನಿನಲ್ಲಿ ಕೂತು ಮೂಳೆ ಚೀಪುತ್ತಿದ್ದ. ಅಂಗಳದ ತುಂಬ ಹೆಂಗಸರನ್ನು ಕಂಡು ಮೂಳೆಯನ್ನು ತಟ್ಟೆಯ ಕೆಳಗೆ ಮುಚ್ಚಿಟ್ಟ. ಯಾಕೆ ಮುಚ್ಚಿಟ್ಟನೋ ಅವನಿಗೂ ಗೊತ್ತಿಲ್ಲ.

ಭಾಗಮ್ಮ ಕಣ್ಣು ತೆಗೆದೇ ಎಲ್ಲ ಹೇಳಿದಳು. ಗುಂಡಮ್ಮ ಕೇಳಿದಳು: "ಏನ್ ಕಂಡಿ ಅಣ್ಣಾ? ಅಂಜಬ್ಯಾಡ, ನನ್ನ ಮುಂದೇ ಹೇಳು."

"ನಾ ಯಾಕ ಅಂಜಲಿ? ದೇವರ ಗಂಟಿ ಹೊಡಿಯಾಂವ ನಾ. ಡ್ಯೂಟಿ ಮುಗಿಸಿ ಬರಾಕತ್ತಿದ್ದೆ. ನಿನ್ನ ಜೋಪಡಿ ಮುಂದ ಲಾರಿ ನಿಂತಿತ್ತು. ಬುರ್ಖಾದಾಕಿ ಒಬ್ಬಾಕಿ ಇಳದು ಒಳಗ ಹ್ವಾದಳು. ಜರಾ ಹೊತ್ತಾದ ಮ್ಯಾಲ ಬುರ್ಖಾದಾಕಿ ಹೊರಗ ಬಂದು ಲಾರಿ ಹತ್ತಿ ಹ್ವಾದಳು. ನಿನ್ನ ಜೋಪಡ್ಯಾಗ ಇರಾಕಿ ನೀ ಒಬ್ಬಾಕಿ. ಮತ್ತ ಬುರ್ಖಾದಾಗ ಯಾರು ಇರ್ತಾರ?"

"ಬುರ್ಖಾದಾಕಿ ಕುಂಟಾಕತ್ತಿದ್ದಳೇನು?"

"ಇಲ್ಲ. ಭೇಷ್ ನಡದು ಬಂದಳು."

ಗುಂಡಮ್ಮ ಕೋಲು ಎತ್ತಿ ತನ್ನ ಪಟ್ಟಿ ಕಟ್ಟಿದ ಕಾಲನ್ನು ತೋರಿಸಿದಳು. ಸ್ತೇಫನಪ್ಪ ನೋಡಿದ. ಆ ಕಾಲು ಅವನ ಗಂಟೆಯ ಕೆಳಗಿನಿಂದಲೇ ಮುಂಜಾನೆ ಗುಡಿಯೊಳಗೆ ಕುಂಟುತ್ತ ಹೋಗಿತ್ತು. ಆಗ ಅವನು ನೋಡಿರಲಿಲ್ಲ.

"ಅಕಿ ಹಸೀನಾಬೇಗಂ. ಸಿರಾಜುದ್ದೀನನ ಹೇಣ್ತಿ. ಪಟ್ಟಿ ಕಟ್ಟಾಕ ಬರ್ತಾಳ."

"ಬುರ್ಖಾದಾಗ ಗುರ್ತು ಹ್ಯಾಂಗ ಹಿಡೀಬೇಕವ್ವ?"

"ಗುರ್ತು ಸಿಗಲಿಲ್ಲಂದ್ರ ನನ್ನ ಹೆಸರು ಹ್ಯಾಂಗ ಹಚ್ಚಿದಿ?"

"ನಾ ಹಚ್ಚಿಲ್ಲ!" ಸ್ತೇಫನಪ್ಪ ಎದ್ದೇ ನಿಂತ. "ಖರೇ ಹೇಳ್ತೀನಿ. ಗುಂಡಮ್ಮ ಯಾಕ ಬರವಲ್ಲಳು, ಏನರ ಕಂಡಿಯೇನು ಅಂತ ಅಮ್ಮಾರೇ ಕೇಳಿದ್ರು. ನಾ ಖಾಲಿ ಬುರ್ಖಾ ಅಂದೆ. ಗುಂಡಮ್ಮ ಅಂದೋರು ಅಮ್ಮಾರು."

"ಅಂಗಿ ತೊಟ್ಕೊ. ನಡಿ."

ಅವನು ಅಂಗಿ ತೊಟ್ಟುಕೊಂಡ. ಬೇರೆ ದಾರಿ ಇರಲಿಲ್ಲ. ಹೊರಗೆ ಅಷ್ಟು ಹೆಂಗಸರಿದ್ದರು, ಒಳಗೆ ಅವನ ಹೆಂಡತಿಯೂ ಕೈ ಕಟ್ಟಿ ನಿಂತಿದ್ದಳು.

ಪಾದ್ರಿಯವರ ಮನೆಯ ಪಡಸಾಲೆಯಲ್ಲಿ ನೆರಳಿತ್ತು. ಪಾದ್ರಿಯವರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೃಪಾವತಿ ಅಮ್ಮನವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಜನ ಅಂಗಳದ ಬಿಸಿಲಲ್ಲಿ ನಿಂತರು. ಒಳಗೆ ಬರ್ರಿ, ಕುಂದ್ರಿ ಎನ್ನುವ ಮಾತು ಆ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಸ್ತೇಫನಪ್ಪ ತಲೆ ತಗ್ಗಿಸಿಕೊಂಡು ತಾನು ಕಂಡದ್ದನ್ನೂ ಕಾಣದ್ದನ್ನೂ ಒಪ್ಪಿಸಿದ. ಗುಂಡಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಕೂತಳು. ಕಾಲು ನೋಯುತ್ತಿತ್ತು, ಕೂತಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಅಮ್ಮಾರ, ನನ್ನ ಹೆಸರು ನೀವು ಹಚ್ಚಿದ್ದು ಖರೇನೇನ್ರಿ?"

"ನಾನು ಯಾರ ಹತ್ತಿರವೂ ಆಡಿಲ್ಲ. ದೇವರ ಹತ್ತಿರ ಹೇಳಿಕೊಂಡೆ."

"ದೇವರಿಗಿ ಕಿವಿ ಮಂದ ಏನ್ರಿ, ಅಷ್ಟು ಜೋರ ಹೇಳಾಕ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪಾದ್ರಿಯವರು ಗಂಟಲು ಸರಿಪಡಿಸಿಕೊಂಡರು. "ನೋಡು ಪ್ರಿಸ್ಕಿಲ್ಲಾ, ಒಂದು ಆತ್ಮ ನಷ್ಟವಾಗುವುದೆಂದರೆ ಕುರುಬನಿಗೆ ಎಷ್ಟು ಸಂಕಟ..."

ಸಂಕಟ ನಿಜವೇ ಇತ್ತು. ವರ್ಷಕ್ಕೊಮ್ಮೆ ದೊಡ್ಡ ಪಾದ್ರಿಗಳು ಜೀಪಿನಲ್ಲಿ ಬಂದು ಸಭೆಯ ತಲೆ ಎಣಿಸುತ್ತಿದ್ದರು. ಒಂದು ತಲೆ ಸತ್ತರೆ ಚಿಂತೆಯಿಲ್ಲ, ಪರಲೋಕದ ಲೆಕ್ಕಕ್ಕೆ ಹಾಕಬಹುದು. ಇನ್ನೊಂದು ಧರ್ಮಕ್ಕೆ ಹೋದರೆ ಯಾವ ಲೆಕ್ಕಕ್ಕೂ ಹಾಕಲು ಬರುವುದಿಲ್ಲ.

"ಕುರಿ ಕಾಣದಿದ್ರ ಕುರುಬ ಹುಡಕಾಕ ಹೋಗ್ತಾನ್ರಿ," ಎಂದಳು ಗುಂಡಮ್ಮ. "ಕುಂತ ಜಾಗಾದಾಗ ಕುರಿ ಓಡಿ ಹೋಯ್ತು ಅಂತ ಡಂಗುರ ಸಾರೂದಿಲ್ಲ. ಎಷ್ಟು ವಾರ ನಾ ಜೋಪಡ್ಯಾಗ ಬಿದ್ದಿದ್ದೆ. ನನ್ನ ಸುದ್ದಿ ಮ್ಯಾಲಿನ ದೇವರ ತನಕ ಮುಟ್ಟಿಸೀರಿ. ನನ್ನ ಬಾಗಿಲ ತನಕ ಒಬ್ಬರ ಕಾಲು ಬರಲಿಲ್ಲ. ದೇವರು ಹತ್ರ ಅದಾನೋ, ನನ್ನ ಜೋಪಡಿ ದೂರ ಅದನೋ, ನೀವೇ ಹೇಳ್ರಿ."

ಅವಳು ಪಟ್ಟಿ ಬಿಚ್ಚತೊಡಗಿದಳು. ಸುತ್ತು ಬಿಚ್ಚಿದಂತೆ ಬಟ್ಟೆ ಹಳದಿಯಾಯಿತು, ಆಮೇಲೆ ಕಂದಾಯಿತು. ಉಗುರು ಹೋದ ಬೆರಳುಗಳು ಸುಟ್ಟ ಬದನೆಕಾಯಿಯಂತಿದ್ದವು. ಪಾದ್ರಿಯವರು ಮುಖ ತಿರುಗಿಸಿದರು.

"ಈ ಕಡಿ ನೋಡ್ರಿ ಅಯ್ನೋರ. ಯೇಸಪ್ಪ ಶಿಷ್ಯರ ಕಾಲು ತೊಳದ ಅಂತ ನೀವೇ ಓದಿ ಹೇಳೀರಿ. ತೊಳೀರಿ ಅನ್ನೂದಿಲ್ಲ. ನೋಡ್ರಿ, ಸಾಕು."

ಕೃಪಾವತಿ ಅಮ್ಮನವರ ಕೈ ಚೌಕಟ್ಟಿನಿಂದ ಜಾರಿತು. ಆಕೆಯ ಪುಸ್ತಕದ ಭಾಷೆಯೂ ಜಾರಿತು.

"ಶನಿವಾರ ನೀ ಬರಲಿಲ್ಲ," ಎಂದರು. "ಮತ್ತೊಂದು ಶನಿವಾರವೂ ಬರಲಿಲ್ಲ. ಹಿತ್ತಲ ನಾರಾಕತ್ತಿತ್ತು. ಸಿಟ್ಟು ಬಂತು ನನಗ. ಸಿಟ್ಟಿನ್ಯಾಗ ಕೇಳಿದೆ, ಸಿಟ್ಟಿನ್ಯಾಗ ಅಂದೆ."

"ಮನಿಗಿ ಬಂದು ಬೈಬೇಕಿತ್ತು."

"ಆ ಓಣ್ಯಾಗ ನಾ ಹ್ಯಾಂಗ ಬರಲಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅಮ್ಮನವರು ಅದನ್ನು ಹಿಡಿಯಲು ಕೈ ಚಾಚಿದವರಂತೆ ನಿಂತರು. ಆ ಓಣಿಯಂಥದೇ ಓಣಿಯಲ್ಲಿ, ದಂಡೋತಿಯಲ್ಲಿ, ಆಕೆಯ ತಂದೆ ಚರ್ಮ ಹದ ಮಾಡುತ್ತಿದ್ದ. ಅಂಗಳದಲ್ಲಿ ನಿಂತವರಿಗೆಲ್ಲ ಅದು ಗೊತ್ತಿತ್ತು. ಅದಕ್ಕಾಗಿ ಮಾತ್ರ ಯಾರೂ ಇಲ್ಲಿಯತನಕ ಪ್ರಾರ್ಥನೆ ಮಾಡಿರಲಿಲ್ಲ.

ಗುಂಡಮ್ಮ ದನಿ ಎತ್ತಲಿಲ್ಲ. "ಬಂದದ್ದು ಅಲ್ಲಿಂದೇ ಅಲ್ಲೇನ್ರಿ ಅಮ್ಮಾರ, ನೀವೂ ನಾವೂ? ಆದ್ರ ಇರ್ಲಿ. ಇದು ಖರೇ ಮಾತು. ಇಷ್ಟು ವಾರದಾಗ ನಿಮ್ಮ ಬಾಯಿಂದ ಬಂದ ಮೊದಲ ಖರೇ ಮಾತು. ಇದಕ್ಕ ನನಗ ಸಿಟ್ಟಿಲ್ಲ."

"ನನ್ನ ತಪ್ಪದ," ಎಂದರು ಕೃಪಾವತಿ ಅಮ್ಮನವರು. ನೆಲ ನೋಡುತ್ತ ಹೇಳಿದರೂ ಎಲ್ಲರಿಗೂ ಕೇಳುವಂತೆ ಹೇಳಿದರು. ಸ್ತೇಫನಪ್ಪನೂ ಹೇಳಿದ. "ಗುಂಡಮ್ಮ ಎಲ್ಲೂ ಹೋಗಿಲ್ಲ, ಬುರ್ಖಾದಾಕಿ ಬ್ಯಾರೆ," ಎಂದು ಅಂಗಳಕ್ಕೆ ತಿರುಗಿ ಗಟ್ಟಿಯಾಗಿ ಕೂಗಿದ. ಜನಕ್ಕೆ ಸಮಾಧಾನವಾಯಿತು. ಸ್ವಲ್ಪ ಬೇಸರವೂ ಆಯಿತು. ಗುರುವಾರಕ್ಕೆ ಈಗ ಏನೂ ಉಳಿದಿರಲಿಲ್ಲ. ವಾರಗಟ್ಟಲೆ ಬೆಳೆದದ್ದು ಒಂದು ಮಧ್ಯಾಹ್ನದಲ್ಲಿ, ಎದುರಾಬದುರು ನಿಂತ ನಾಲ್ಕು ಮಾತಿಗೆ ಸತ್ತುಹೋಯಿತು. ಇಷ್ಟು ಸುಲಭ ಎಂದು ಗೊತ್ತಿದ್ದರೆ ಯಾರಾದರೂ ಮೊದಲೇ ಮಾಡುತ್ತಿದ್ದರೇ? ಇಲ್ಲ. ಗೊತ್ತಿದ್ದದ್ದಕ್ಕೇ ಮಾಡಿರಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಪಾದ್ರಿ ದೇವದಾನಪ್ಪನವರು ಒಳಗೆ ಹೋಗಿ ಬಟ್ಟಲು ತಂದರು. ಮುಂಜಾನೆ ಉಳಿದ ದ್ರಾಕ್ಷಾರಸ ಅದರಲ್ಲಿತ್ತು. ಮುಖದಲ್ಲಿ ಸಮಾಧಾನಪಡಿಸುವವರ ನಗೆ ತುಂಬಿಕೊಂಡಿದ್ದರು.

"ಪ್ರಿಸ್ಕಿಲ್ಲಾ, ಸಭೆ ನಿನ್ನನ್ನು ಕ್ಷಮಿಸಿದೆ."

"ನನ್ನನ್ನ? ಯಾತಕ್ಕ?"

"ಕರ್ತನ ಮೇಜಿನ ಮುಂದೆ ಕೂಗಾಡಿದೆ. ಅದೊಂದು ಮಾತು ಎಲ್ಲರ ಮುಂದೆ ಮೊಣಕಾಲೂರಿ ಒಪ್ಪಿಕೋ. ಈಗಲೇ ಬಟ್ಟಲು ಕೊಡುತ್ತೇನೆ. ಕಾಲು ವಾಸಿಯಾದ ಮೇಲೆ ಶನಿವಾರ ಎಂದಿನಂತೆ ಸೇವೆಗೆ ಬಾ. ಎಲ್ಲ ಮೊದಲಿನ ಹಾಗೇ ಇರಲಿ."

ಗುಂಡಮ್ಮ ಪಟ್ಟಿ ಸುತ್ತುತ್ತಿದ್ದವಳು ನಿಲ್ಲಿಸಿದಳು. ಮುಂಜಾನೆ ಆ ಬಟ್ಟಲಿಗಾಗಿ ಅವಳು ಬಾಯಿ ತೆರೆದು ಕೂತಿದ್ದಳು. ಊರಿನಲ್ಲಿ ಬಾವಿಯ ನೀರು ಮೇಲಿಂದ ಸುರಿಸಿಕೊಂಡು ಬೊಗಸೆಯಲ್ಲಿ ಕುಡಿದವಳು ಅವಳು. ಎಲ್ಲರ ಬಾಯಿ ತಾಗಿದ ಒಂದೇ ಬಟ್ಟಲಿಗೆ ತನ್ನ ಬಾಯಿಯೂ ತಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬಾಪ್ತಿಸ್ಮ ತಗೊಂಡವಳು. ಅದು ಈಗ ಮೂಗಿನ ಮುಂದೆ ಇತ್ತು.

"ಒಂದು ಮಾತು ಕೇಳ್ತೀನ್ರಿ. ಸೇವಾಕ್ಕ ಸರದಿ ಹಚ್ಚೂಣು. ಬರೂ ಶನಿವಾರ ಅಮ್ಮಾರು. ಅದರ ಮುಂದಿಂದು ಸ್ತೇಫನಪ್ಪ. ಆಮ್ಯಾಲ ನೀವು. ಆಮ್ಯಾಲ ನಾ ಬರ್ತೀನಿ. ಕುಂಟಿಕೋತ ಆದ್ರೂ ಬರ್ತೀನಿ. ಹೂಂ ಅನ್ರಿ, ಇಲ್ಲೇ ಮೊಣಕಾಲು ಹಚ್ತೀನಿ."

ಸ್ತೇಫನಪ್ಪ ಅಂಗಿಯ ಗುಂಡಿ ನೋಡಿಕೊಂಡ. ಕೃಪಾವತಿ ಅಮ್ಮನವರು ಒಳಗೆ ಏನೋ ಸೀಯುತ್ತಿದೆ ಎಂಬಂತೆ ತಿರುಗಿದರು. ಪಾದ್ರಿಯವರ ನಗೆ ಮಾತ್ರ ಹಾಗೇ ಇತ್ತು.

"ನೋಡಮ್ಮಾ, ಸಭೆ ಎಂದರೆ ಒಂದು ದೇಹ. ದೇಹಕ್ಕೆ ಬೇರೆ ಬೇರೆ ಅಂಗಗಳು. ಒಂದೊಂದಕ್ಕೆ ಒಂದೊಂದು ಕೆಲಸವನ್ನು ದೇವರೇ ಇಟ್ಟಿದ್ದಾನೆ."

"ತಿಳೀತ್ ಬಿಡ್ರಿ," ಎಂದಳು ಗುಂಡಮ್ಮ. "ನಾ ಯಾವ ಅಂಗ ಅಂತ ಚಂದ ತಿಳೀತ್."

ಕೋಲು ಊರಿ ಎದ್ದಳು. ಬಟ್ಟಲು ಅವಳ ಗದ್ದದ ಹತ್ತಿರ ಬಂತು. ಅವಳು ಅದನ್ನು ದೂಡಲಿಲ್ಲ, ಚೆಲ್ಲಲಿಲ್ಲ. ಮುಖ ಪಕ್ಕಕ್ಕೆ ಸರಿಸಿದಳು, ಅಷ್ಟೆ.

"ಯೇಸಪ್ಪನ ಮ್ಯಾಲ ನಂದೇನೂ ತಕರಾರಿಲ್ಲ. ನಿಮ್ಮ ಕೈಯಿಂದ ನನಗ ಬ್ಯಾಡ."

ಭಾಗಮ್ಮ ಅವಳ ರಟ್ಟೆ ಹಿಡಿದಳು. "ತಂಗಿ, ಹೀಂಗ ಮಾಡಬ್ಯಾಡ. ಸತ್ರ ಮಣ್ಣು ಮಾಡಾಕ ಯಾರು ಬರ್ತಾರ?"

"ಸಾಯೂದಕ್ಕಿನ್ನ ಮೊದಲ ಯಾರು ಬರ್ತಾರ ನೋಡ್ತೀನಿ. ನೀ ಬಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಸಂಜಿಕಡಿ ರೊಟ್ಟಿ ತಗೊಂಡು ಬಾ."

ಅಂಗಳದ ಜನ ಎರಡಾಗಿ ದಾರಿ ಬಿಟ್ಟರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಲೇ ನಡೆದಳು. ನೋಡಿಸಿಕೊಂಡವರು ಕಣ್ಣು ಕೆಳಗಿಳಿಸಿದರು. ಗೇಟು ದಾಟಿದಳು. ಬಿಳೀ ಕಲ್ಲುಪುಡಿಯ ದಾರಿಯಲ್ಲಿ ಒಂದು ಪಾದ ಮೂಡುತ್ತಿತ್ತು, ಇನ್ನೊಂದು ಎಳೆದ ಗೀರಾಗುತ್ತಿತ್ತು.

"ಬರ್ತಾಳೆ ಬಿಡಿ. ಎಲ್ಲಿಗೆ ಹೋಗ್ತಾಳೆ?" ಎಂದರು ಪಾದ್ರಿಯವರು. ಪವಿತ್ರ ಮಾಡಿದ್ದನ್ನು ಚೆಲ್ಲುವಂತಿರಲಿಲ್ಲ. ಬಟ್ಟಲಿನಲ್ಲಿ ಉಳಿದದ್ದನ್ನು ತಾವೇ ಕುಡಿದು ಬಾಯಿ ಒರೆಸಿಕೊಂಡರು.

ಅವಳು ತಿರುಗಿ ಬರಲಿಲ್ಲ.